ಸೊಪ್ಪಿನ ಮೀಟರು

ಒಂದೇ ಮನೆಗೆ ಸೊಸೆಯರಾಗಿ ಬಂದವರು ಒಂದೇ ಅಂಗಡಿಯಲ್ಲಿ ಕೆಲಸಕ್ಕೆ ಸೇರಬಾರದು. ದೊಡ್ಡ ಸೊಸೆಗೆ ಈ ಬುದ್ಧಿ ಬರುವಷ್ಟರಲ್ಲಿ ಕಾಲ ಮಿಂಚಿತ್ತು. ಆ ದೊಡ್ಡ ಅಂಗಡಿಯಲ್ಲಿ ಸೊಪ್ಪು ತೊಳೆದು ಜೋಡಿಸುವುದು ಅವಳ ಪಾಲಿಗೆ, ತರಕಾರಿ ಅವಳ ಓರಗಿತ್ತಿಯ ಪಾಲಿಗೆ. ಮೂರು ತಿಂಗಳಲ್ಲಿ ಯಾರು ಹೆಚ್ಚು ನೀರು ಉಳಿಸುತ್ತಾರೋ ಅವರಿಗೇ ಮೇಲ್ವಿಚಾರಕಿಯ ಹುದ್ದೆ ಎಂದು ಮ್ಯಾನೇಜರು ಸಾರಿದ್ದರು. ಹಿಂಬದಿಯ ಗೋಡೆಗೆ ಎರಡು ಮೀಟರು ಹಾಕಿಸಿ, ಒಂದಕ್ಕೆ ‘ಸೊಪ್ಪು’, ಇನ್ನೊಂದಕ್ಕೆ ‘ತರಕಾರಿ’ ಎಂದು ಚೀಟಿ ಅಂಟಿಸಿದ್ದರು.

ದೊಡ್ಡವಳು ಒಂದು ಕಂತೆ ಜಾಲಿಸಿದ ನೀರಲ್ಲೇ ಮುಂದಿನ ಕಂತೆಯ ಮಣ್ಣು ಬಿಡಿಸುತ್ತಿದ್ದಳು. ಆ ಕೆಸರು ನೀರನ್ನೂ ಚೆಲ್ಲದೆ ನೆಲ ಒರೆಸುವವರ ಬಕೆಟ್ಟಿಗೆ ಸುರಿಯುತ್ತಿದ್ದಳು. ಚಿಕ್ಕವಳೋ, ನಲ್ಲಿ ಬಿಟ್ಟುಕೊಂಡೇ ಹರಟುವವಳು. ಆದರೂ ತಿಂಗಳ ಕೊನೆಗೆ ಮ್ಯಾನೇಜರು ಮೀಟರು ನೋಡಿದಾಗ ಹೊಗಳಿಕೆಯೆಲ್ಲ ಚಿಕ್ಕವಳಿಗೇ! “ಎಲ್ಲಾ ಅಕ್ಕನ್ನ ನೋಡಿ ಕಲ್ತಿದ್ದು ಸಾರ್” ಎಂದು ಅವಳು ನಕ್ಕರೆ ದೊಡ್ಡವಳ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಮನೆಯಲ್ಲಿ ಅತ್ತೆಯ ಮೆಚ್ಚುಗೆಯೂ ಅವಳಿಗೇ, ಇಲ್ಲಿಯದೂ ಅವಳಿಗೇ. ಅದೇನು ಹಣೆಯಲ್ಲಿ ಬರೆಸಿಕೊಂಡು ಬಂದಿದ್ದಾಳೋ!

ಕೊನೆಯ ದಿನ ಎಲ್ಲರೂ ಊಟಕ್ಕೆ ಎದ್ದಾಗ ದೊಡ್ಡವಳು ತರಕಾರಿ ತೊಟ್ಟಿಯ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರು ಸಿಡಿದು ತೋಳೆಲ್ಲ ನೆನೆಯಿತು. ಓರಗಿತ್ತಿಯ ಮೀಟರು ಓಡುವುದನ್ನು ಕಣ್ತುಂಬ ನೋಡೋಣವೆಂದು ಹಿಂಬದಿಗೆ ಬಂದರೆ, ‘ತರಕಾರಿ’ ಮೀಟರು ಅಲ್ಲಾಡದೆ ನಿಂತಿತ್ತು. ‘ಸೊಪ್ಪು’ ಮೀಟರು ಗಿರ್ರನೆ ತಿರುಗುತ್ತಿತ್ತು.

ಚೀಟಿಗಳು ಅದಲುಬದಲಾಗಿವೆ! ಹಾಗಾದರೆ ಇಷ್ಟು ದಿನದ ಹೊಗಳಿಕೆಯೆಲ್ಲ ತನ್ನದು! ನಲ್ಲಿ ನಿಲ್ಲಿಸುವುದನ್ನೂ ಮರೆತು ಓಡಿದ ಅವಳು, ಮ್ಯಾನೇಜರನ್ನು ಎಂಜಲು ಕೈಯಲ್ಲೇ ಎಬ್ಬಿಸಿ ಕರೆತಂದಳು.

“ಹೌದಲ್ಲಾ! ನಿಮ್ಮ ನಲ್ಲಿ ನಿಂತಿದೆ, ಮೀಟರು ಓಡ್ತಾ ಇದೆ” ಎಂದರು ಅವರು. ಆಮೇಲೆ ಹುಬ್ಬು ಗಂಟಿಕ್ಕಿ, “ಅದು ಸರಿ, ತರಕಾರಿ ನಲ್ಲಿ ಬಿಟ್ಟೋರು ಯಾರು?” ಎಂದರು.

ಅಷ್ಟರಲ್ಲಿ ಚಿಕ್ಕವಳು ಉಕ್ಕಿ ಹರಿಯುತ್ತಿದ್ದ ತೊಟ್ಟಿಯ ನಲ್ಲಿ ನಿಲ್ಲಿಸಿ ಒದ್ದೆ ಕಾಲಲ್ಲಿ ಓಡಿಬಂದಳು. ಅವಳ ಕಣ್ಣು ಅಕ್ಕನ ನೆನೆದ ತೋಳಿನ ಮೇಲೆ ಒಂದು ಗಳಿಗೆ ನಿಂತಿತು.

“ನಾನೇ ಸಾರ್, ನಿಲ್ಸೋದು ಮರ್ತುಬಿಟ್ಟೆ. ಅಕ್ಕ ಒಂದು ಹನೀನೂ ಪೋಲು ಮಾಡೋರಲ್ಲ. ಆ ಕೆಲಸ ಅವ್ರಿಗೇ ಕೊಡಿ.”

ಹುದ್ದೆ ದೊಡ್ಡವಳಿಗೇ ಸಿಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಚಿಕ್ಕವಳದೇ ಎಲ್ಲರಿಗಿಂತ ಜೋರು. ದೊಡ್ಡವಳು ಒದ್ದೆ ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳನ್ನೇ ನೋಡಿದಳು. ಹೊಟ್ಟೆಯ ಬೆಂಕಿ ಆರಲಿಲ್ಲ. ಇದರಲ್ಲೂ ಇವಳೇ ಗೆದ್ದಳಲ್ಲಾ ಎಂದುಕೊಂಡಳು.