ಪುಟ ತಿರುಗಿಸುವ ಸದ್ದು

ನಾನು ಪಾಠ ಮಾಡುತ್ತಿದ್ದರೆ ಗೋಡೆಯ ಮೇಲಿನ ಹಲ್ಲಿಗಳೂ ಬಿಕ್ಕಿ ಬಿಕ್ಕಿ ಅಳುತ್ತಿದ್ದವು. ಒಮ್ಮೆ ಅವುಗಳ ಕಣ್ಣೀರು ನೆಲ ತೂರಿ ಕೆಳಗಿನ ಕೊಠಡಿಗೆ ಸೋರಿ, ಪಾಪ, ಗಣಿತದವರು ಕೊಡೆ ಬಿಚ್ಚಿಕೊಂಡು ಲೆಕ್ಕ ಬಿಡಿಸಿದರು.

ನನ್ನ ಹೆಂಡತಿ ಮಾತ್ರ ನಂಬಲಿಲ್ಲ. ಸೇತುವೆ ಕಟ್ಟುವ ಇಂಜಿನಿಯರು. ಅಳತೆಗೆ ಸಿಗದ್ದನ್ನು ನಂಬುವ ಪೈಕಿಯಲ್ಲ. ಸಾಹಿತ್ಯ, ಚರಿತ್ರೆ, ತತ್ವಶಾಸ್ತ್ರ ಎಂದು ನಾನು ಎದೆಯುಬ್ಬಿಸಿದಾಗಲೆಲ್ಲ ಅವಳದು ಒಂದೇ ಪ್ರಶ್ನೆ: "ಸೇತುವೆ ಬಿದ್ರೆ ನನ್ನ ಜೈಲಿಗೆ ಹಾಕ್ತಾರೆ ಮೇಷ್ಟ್ರೇ. ನಿಮ್ಮ ಪಾಠ ಬಿದ್ರೆ ಯಾರನ್ನ ಹಾಕ್ತಾರೆ?"

ಬದುಕುವುದನ್ನೂ ಸಾಯುವುದನ್ನೂ ಕಲಿಸುವ ವಿದ್ಯೆ ಇದೊಂದೇ ಎಂದು ನಾನು ಮೀಸೆ ತಿರುವುತ್ತಿದ್ದೆ. ಸಾಕ್ಷಿಗೆ, ವರ್ಷ ವರ್ಷವೂ ಪಾಠ ಮಾಡುತ್ತಿದ್ದ ಕಾದಂಬರಿ ಇತ್ತಲ್ಲ, ದೋಣಿ ನಡೆಸುವ ಮುದುಕಿಯದು. ಕೊನೆಯ ಪುಟದಲ್ಲಿ ಅವಳು ಸಾಯುತ್ತಾಳೆ. ಆ ಪುಟ ನನಗೆ ನಿದ್ದೆಯಲ್ಲೂ ಬಾಯಿಪಾಠ ಎನ್ನುತ್ತಿದ್ದೆ.

ಹೆಂಡತಿ ಕಾಯಿಲೆ ಬಿದ್ದಳು. ಅದು ಮಿದುಳಿಗೆ ಹರಡಿ ಅವಳ ಕಣ್ಣು ಹೋಯಿತು. ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಡಾಕ್ಟರು ನಮ್ಮಿಬ್ಬರಿಗೂ ಹೇಳಿದರು. ಅಷ್ಟು ಜಂಬ ಕೊಚ್ಚಿದ್ದೀರಲ್ಲ, ಕೇಳಿಯೇ ಬಿಡೋಣ ಎಂದು ಅವಳು ಆಸ್ಪತ್ರೆಯ ಮಂಚದ ಮೇಲೆ ಆ ಪುಸ್ತಕವನ್ನೇ ಓದಿಸಿಕೊಂಡಳು.

ಕೊನೆಯ ಪುಟ ಬಂತು. ನಾನು ಓದಲಿಲ್ಲ. ಬಾಯಿಗೆ ಬಂದ ಕಥೆ ಕಟ್ಟಿ ಮುದುಕಿಯ ಜ್ವರ ಇಳಿಸಿದೆ. ಮರುದಿನ ಅವಳಿಗೆ ಹೊಸ ಹಲ್ಲು ಹುಟ್ಟಿಸಿದೆ. ಆಮೇಲೆ ಒಬ್ಬ ಬೋಳುತಲೆ ದರ್ಜಿಗೆ ಕೊಟ್ಟು ಮದುವೆ ಮಾಡಿದೆ. ಹೆಂಡತಿ ನಕ್ಕು ನಕ್ಕು ಕೆಮ್ಮಿದಳು, ನಾನು ನರ್ಸಮ್ಮನ ಕೈಲಿ ಬೈಸಿಕೊಂಡೆ. ಕಥೆ ಮುಗಿಯದೆ ಇವಳು ಹೇಗೆ ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ. ಪಾಠ ಹೇಳಿ ಹೇಳಿ ಕೆಟ್ಟ ತಲೆ ನನ್ನದು.

ಒಂದು ಸಂಜೆ ಅವಳ ಕೈ ತಡವರಿಸಿ ನನ್ನ ಮೊಣಕಾಲು ಹುಡುಕಿತು.

"ಪುಟ ತಿರುಗಿಸೋ ಸದ್ದು ಕೇಳಿ ಎಷ್ಟು ದಿನ ಆಯ್ತು ಮೇಷ್ಟ್ರೇ. ಮುದುಕಿ ಸತ್ತಳು, ಅಲ್ವಾ?"

ಹಲ್ಲು ಬಂದವರು ಸಾಯುತ್ತಾರೆಯೇ ಎಂದೆ. ಅವಳು ನಗಲಿಲ್ಲ.

"ನಾನು ಒಂದು ಸೇತುವೇನೂ ಅರ್ಧಕ್ಕೆ ಬಿಟ್ಟಿಲ್ಲ ರೀ. ಆ ದಡ ಹೇಗಿದೆ ಅಂತ ಯಾರಾದ್ರೂ ಹೇಳಬೇಕು ನನಗೆ. ಡಾಕ್ಟರಿಗೆ ಗೊತ್ತಿಲ್ಲ. ನಿಮ್ಮ ಕೈಲಿ ಪುಸ್ತಕ ಇದೆ, ನೀವು ಓದ್ತಿಲ್ಲ."

"ಸತ್ತಳು ಕಣೇ."

"ಹೇಗೆ? ಓದಿ."

ಪುಟ ತಿರುಗಿಸಿದೆ. ಸದ್ದು ಇಬ್ಬರಿಗೂ ಕೇಳಿಸಿತು.

"ಅಕ್ಷರ ಕಾಣ್ತಿಲ್ಲ," ಎಂದೆ.

"ನಿದ್ದೆಯಲ್ಲೂ ಬಾಯಿಪಾಠ ಅಂತಿದ್ರಲ್ಲ."

"ಸುಳ್ಳು ಕಣೇ. ಹಲ್ಲಿ ಅತ್ತಿದ್ದೂ ಸುಳ್ಳು. ಇಷ್ಟು ವರ್ಷ ಓದಿದೆ, ಈ ಪುಟಕ್ಕೆ ನಾನೂ ಅತ್ತವನಲ್ಲ. ಸ್ವಲ್ಪ ತಾಳು, ಕಣ್ಣೊರೆಸಿಕೊಂಡು ಓದ್ತೀನಿ."