ಒಂದಕ್ಷರದ ಹುಡುಕಾಟ

ಗಿಡಗಳ ರೋಗ ಪತ್ತೆಹಚ್ಚುವ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷ ಸವೆಸಿದ ಅಕ್ಕನನ್ನು ಮನೆಮಂದಿ ‘ಎಲೆ ಡಾಕ್ಟರು’ ಎಂದು ಆಡಿಕೊಳ್ಳುತ್ತಿದ್ದರು. ಅವಳೂ ಅವರೊಡನೆ ನಗುತ್ತಿದ್ದಳು. ಆದರೆ ತಂಗಿಯ ನಾಲ್ಕು ವರ್ಷದ ಮಗಳು ಗುಬ್ಬಿಯ ಜೀನ್ ಪರೀಕ್ಷೆಯ ವರದಿ ಬಂದ ದಿನ ಯಾರಿಗೂ ತಮಾಷೆ ಬೇಕಿರಲಿಲ್ಲ. ಮಗುವಿಗೆ ವಾರಕ್ಕೆರಡು ಸಲ ಫಿಟ್ಸ್ ಬರುತ್ತಿತ್ತು. ಮಾತ್ರೆ ಹೆಚ್ಚಿಸಿದಷ್ಟೂ ಅದೂ ಹೆಚ್ಚುತ್ತಿತ್ತು. ಸಾವಿರಾರು ರಾಸಾಯನಿಕ ಅಕ್ಷರಗಳ ಸಾಲಾದ ಒಂದು ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ, ಅದರ ಅರ್ಥ ತಿಳಿದಿಲ್ಲ ಎಂದು ವರದಿ ಕೈತೊಳೆದುಕೊಂಡಿತ್ತು.

ತಂಗಿ ಕಾಗದ ಮಡಚುತ್ತಾ ಕೇಳಿದಳು: “ಅಕ್ಕಾ, ತಿಳಿದಿಲ್ಲ ಅಂದ್ರೆ ಇವರಿಗೆ ತಿಳಿದಿಲ್ವಾ, ಇಲ್ಲಾ ಯಾರಿಗೂ ತಿಳಿದಿಲ್ವಾ?”

ಅಕ್ಕ ಆ ವರದಿಯ ಫೋಟೊ ತೆಗೆದುಕೊಂಡಳು. ಹುಡುಕುವ ದಾರಿ ಅವಳಿಗೆ ಗೊತ್ತಿತ್ತು.

ಮರುದಿನ ಊಟದ ಬಿಡುವಿನಲ್ಲಿ ಕಂಪ್ಯೂಟರಿನಲ್ಲಿ ಕಮಾಂಡ್‌ಗಳನ್ನು ಟೈಪ್ ಮಾಡುವ ಕಪ್ಪು ಪರದೆ ತೆರೆದಳು. ಜಗತ್ತಿನ ಆಸ್ಪತ್ರೆಗಳೂ ಪ್ರಯೋಗಾಲಯಗಳೂ ತಮಗೆ ಸಿಕ್ಕ ಜೀನ್‌ಗಳ ವಿವರ ತುಂಬಿಡುವ ಡೇಟಾಬೇಸ್‌ನಿಂದ ಗಿಡಗಳ ದಾಖಲೆ ತರಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಗಿಡದ ಬದಲು ಗುಬ್ಬಿಯ ಜೀನ್‌ನ ಹೆಸರು ಟೈಪ್ ಮಾಡುವಾಗ ಮಾತ್ರ ಬೆರಳು ಎರಡು ಸಲ ತಪ್ಪಿತು. ಸಾವಿರದ ನೂರಾ ಹನ್ನೆರಡು ದಾಖಲೆಗಳಿವೆ ಎಂದಿತು ಪರದೆ. ಒಂದೊಂದೇ ಪುಟ ತೆರೆಯುತ್ತ ಕೂತರೆ ತಿಂಗಳು ಹಿಡಿಯುವ ಕೆಲಸ. ಒಂದು ಸಾಲಿನ ಕಮಾಂಡ್ ಅಷ್ಟನ್ನೂ ಕಟ್ಟುಕಟ್ಟಾಗಿ ತರಬಲ್ಲದು. ಆತುರಬಿದ್ದು ಒಂದೇ ಉಸಿರಿಗೆ ಎಲ್ಲವನ್ನೂ ಕೇಳಿದ್ದಕ್ಕೆ ಡೇಟಾಬೇಸ್‌ನ ಸರ್ವರ್ ಏನನ್ನೂ ಕೊಡದೆ ಮುಖ ತಿರುಗಿಸಿತು. ಒಂದು ಕಟ್ಟು ಬಂದ ಮೇಲೆ ಎರಡು ಸೆಕೆಂಡು ಕಾದು ಮುಂದಿನದನ್ನು ಕೇಳುವಂತೆ ತಿದ್ದಿದಳು. ಆಗ ಎಲ್ಲವೂ ಬಂದವು. ಬದಲಾದ ಅಕ್ಷರ ಎಷ್ಟನೆಯದೆಂಬ ಸಂಖ್ಯೆ ಕೊಟ್ಟು ಅವುಗಳನ್ನು ಜಾಲಾಡಿದಳು. ಸಿಕ್ಕಿದ್ದು ಸೊನ್ನೆ.

ಮೂರು ದಿನ ಅದೇ ಸಂಖ್ಯೆಯನ್ನು ಮತ್ತೆ ಮತ್ತೆ ಕೊಟ್ಟು ನೋಡಿದಳು. ನಾಲ್ಕನೆಯ ದಿನ ಹಳೆಯ ದಾಖಲೆಯೊಂದನ್ನು ಸುಮ್ಮನೆ ಓದುತ್ತಿದ್ದಾಗ ಹೊಳೆಯಿತು: ಹಿಂದಿನವರು ಅಕ್ಷರ ಎಣಿಸಲು ಶುರುಮಾಡುತ್ತಿದ್ದ ಜಾಗವೇ ಬೇರೆ. ಮೂವತ್ತಾರು ಅಕ್ಷರಗಳ ವ್ಯತ್ಯಾಸ. ಸಂಖ್ಯೆ ತಿದ್ದಿ ಮತ್ತೆ ಜಾಲಾಡಿದಳು. ಎರಡು ದಾಖಲೆಗಳು ಎದ್ದುಬಂದವು. ಎರಡನ್ನೂ ಡೇಟಾಬೇಸ್‌ಗೆ ಸೇರಿಸಿದವರು ದೂರದೇಶದ ಒಬ್ಬರೇ ವೈದ್ಯೆ.

ಅಕ್ಕ ಅವರಿಗೆ ಪತ್ರ ಬರೆದಳು. ಒಂಬತ್ತನೆಯ ದಿನ ಉತ್ತರ ಬಂತು. ಆ ದಾಖಲೆಗಳಲ್ಲಿದ್ದ ಇಬ್ಬರು ಮಕ್ಕಳಿಗೂ ಇದೇ ಮಾತ್ರೆ ಒಗ್ಗಿರಲಿಲ್ಲವಂತೆ, ಬೇರೆ ಔಷಧಿ ಕೊಟ್ಟ ಮೇಲೆ ಫಿಟ್ಸ್ ಇಳಿಮುಖವಾಯಿತಂತೆ. ಗುಬ್ಬಿಯ ಡಾಕ್ಟರು ಪತ್ರವನ್ನು ಎರಡು ಸಲ ಓದಿ, ಆ ವೈದ್ಯೆಯೊಡನೆ ತಾವೇ ಮಾತಾಡಿದರು. ಖಾತ್ರಿ ಕೊಡಲಾರೆ ಎಂದು ಮೊದಲೇ ಹೇಳಿ, ಹಳೆಯ ಮಾತ್ರೆಯನ್ನು ಹಂತಹಂತವಾಗಿ ಇಳಿಸುತ್ತ ಹೊಸದನ್ನು ಶುರುಮಾಡಿದರು.

ಮೂರನೆಯ ತಿಂಗಳಲ್ಲಿ ಫಿಟ್ಸ್ ಬಂದದ್ದು ಒಂದೇ ಸಲ. ಅಷ್ಟರಲ್ಲಿ, ಒಂದೆರಡು ಪದಕ್ಕೇ ನಿಲ್ಲುತ್ತಿದ್ದ ಗುಬ್ಬಿ ಉದ್ದುದ್ದ ವಾಕ್ಯಗಳಲ್ಲಿ ಜಗಳವಾಡತೊಡಗಿದ್ದಳು. ಇವಳ ಬಾಯಿಗೆ ಬೀಗವೇ ಇಲ್ಲ ಎಂದು ದೂರುವಾಗ ತಂಗಿಯ ಕಣ್ಣು ತುಂಬಿಬರುತ್ತಿತ್ತು. ಈ ಮಗುವಿನ ವಿವರವನ್ನೂ ಡೇಟಾಬೇಸ್‌ಗೆ ಸೇರಿಸಬಹುದೇ ಎಂದು ಡಾಕ್ಟರು ಒಪ್ಪಿಗೆ ಕೇಳಿದರು. ಹೆಸರಿರುವುದಿಲ್ಲ, ವಯಸ್ಸು, ಅಕ್ಷರದ ಬದಲಾವಣೆ, ಔಷಧಿಯ ವಿಷಯ ಅಷ್ಟೇ ಇರುತ್ತದೆ ಎಂದು ಅಕ್ಕ ಬಿಡಿಸಿ ಹೇಳಿದಳು.

ತಂಗಿ ಸಹಿ ಹಾಕಿದಳು. ಪೆನ್ನು ಕೆಳಗಿಡಲಿಲ್ಲ.

“ಹೆಸರು ಬೇಡ ಬಿಡು. ಮೊದಲಿಗಿಂತ ಚೆನ್ನಾಗಿದಾಳೆ ಅಂತ ಬರೀತಾರೆ ತಾನೆ?”

“ಬರೀತಾರೆ,” ಎಂದಳು ಅಕ್ಕ. “ಹುಡುಕ್ಕೊಂಡು ಬಂದೋರು ಅದನ್ನೇ ಮೊದಲು ಓದೋದು.”