ಎಡಗೈಯ ಹುರಿ

ಮೊಳಕಾಲ್ಮೂರಿನಲ್ಲಿ ಮಗ್ಗಗಳು ನಿಂತ ಆ ತೊಂಬತ್ತಾರನೇ ಇಸವಿಯಲ್ಲಿ ಜೋಗಮ್ಮನಿಗೆ ಹದಿನೈದು ತುಂಬಿತ್ತೋ ಹದಿನಾರೋ, ಹೇಳುವವರು ಯಾರೂ ಉಳಿದಿರಲಿಲ್ಲ. ಅಪ್ಪನ ಮುಖವೇ ಅವಳಿಗೆ ನೆನಪಿಲ್ಲ. ಅವ್ವ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಶೇಂಗಾ ಹಸನು ಮಾಡುತ್ತಿದ್ದಳು. ಒಂದು ಬೇಸಿಗೆಯಲ್ಲಿ ವಾಂತಿಭೇದಿ ಹಿಡಿದು ಎರಡೇ ದಿನಕ್ಕೆ ಕಣ್ಣು ಮುಚ್ಚಿದಳು. ಅಲ್ಲಿಂದ ಮುಂದೆ ಹುಡುಗಿ ಬೆಳೆದದ್ದು ಬಸ್ ಸ್ಟ್ಯಾಂಡಿನಲ್ಲಿ. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡುವುದು, ಹಿಡಿದವರ ಮುಂಗೈ ಕಚ್ಚುವುದು, ಹಾಸ್ಟೆಲಿಗೆ ಸೇರಿಸಿದರೆ ಗೋಡೆ ಹಾರುವುದು. ಕೊನೆಗೆ ಲಾರಿ ಕ್ಲೀನರಾಗಿದ್ದ ದೂರದ ಸಂಬಂಧಿಯೊಬ್ಬ ಅವಳನ್ನು ತಂದು ಸಾಹುಕಾರ್ ನಾಗಭೂಷಣಪ್ಪನ ರೇಷ್ಮೆ ಮಗ್ಗದ ಶೆಡ್ಡಿನಲ್ಲಿ ಬಿಟ್ಟು, ತಿರುಗಿ ನೋಡದೆ ಹೋದ.

ದೊಡ್ಡ ಅಂಚಿನ ಸೀರೆ ನೇಯುವಾಗ ನೇಕಾರನ ಪಕ್ಕದಲ್ಲಿ ಕೂತು ಇನ್ನೊಂದು ಲಾಳಿ ಎಸೆಯುವವರು ಬೇಕು. ಜೋಗಮ್ಮನಿಗೆ, ಶೆಡ್ಡಿನವರ ಬಾಯಲ್ಲಿ ಜೋಗಿಗೆ, ಆ ಕೆಲಸ. ಅವಳು ಎಡಚಿ. ಮೇಸ್ತ್ರಿ ಅವಳ ಎಡಗೈಯನ್ನು ಸೊಂಟಕ್ಕೆ ಬಿಗಿದು ಬಲಗೈಯಲ್ಲಿ ಎಸೆಯಲು ಕಲಿಸಿದ. ಅವಳು ಕೂರುತ್ತಿದ್ದದ್ದು ದೊಡ್ಡಪಾಲಯ್ಯನ ಮಗ್ಗದಲ್ಲಿ. ಅರವತ್ತು ದಾಟಿದ ಮುದುಕ, ಮೆದು ಮಾತಿನವನು, ಅವಳನ್ನು ಬೈಯದಿದ್ದವನು ಆ ಶೆಡ್ಡಿನಲ್ಲಿ ಅವನೊಬ್ಬನೇ.

ಒಂದು ದಿನ ಅವನು ನೇಯ್ದ ಸೀರೆಯ ಅಂಚಿನಲ್ಲಿ ತಪ್ಪು ಬಂತು. ಸಾಹುಕಾರ ಆ ಸೀರೆಯನ್ನು ಮುದುಕನ ಹೆಗಲಿಗೆ ಹಾಕಿ, ಅಂಗಡಿಯ ಮೆಟ್ಟಿಲ ಮೇಲೆ ಪೇಟೆಗೆ ಮುಖ ಮಾಡಿ ನಿಲ್ಲಿಸಿದ. "ಬಂದೋರಿಗೆಲ್ಲ ತೋರ್ಸು ನಿನ್ನ ಕೈಚಳಕ" ಎಂದ. ಬೆಳಗಿನಿಂದ ನಡುಮಧ್ಯಾಹ್ನದವರೆಗೆ ದೊಡ್ಡಪಾಲಯ್ಯ ನಿಂತ. ಅವನ ಮೊಮ್ಮಗಳು ಸ್ಕೂಲಿನಿಂದ ಅದೇ ದಾರಿಯಲ್ಲಿ ಬಂದಳು, ನೋಡಿದಳು, ನೋಡದವಳಂತೆ ಹೋದಳು.

ಅವನು ಶೆಡ್ಡಿಗೆ ಮರಳಿದಾಗ ಮೇಸ್ತ್ರಿ ನಕ್ಕ. ಜೋಗಿ ಕಟ್ಟು ಬಿಚ್ಚಿಕೊಂಡು ಎಡಗೈಯಲ್ಲಿ ಲಾಳಿ ಬೀಸಿದಳು. ಅದು ಮೇಸ್ತ್ರಿಯ ಹಣೆಗೆ ಬಿತ್ತು. ರೂಢಿಯಂತೆ ಅವಳು ಓಡಲು ಬಾಗಿಲು ಹುಡುಕಿದಳು. ಆದರೆ ಯಾರೂ ಹಿಡಿಯಲು ಬರಲಿಲ್ಲ. ಸಾಲಾಗಿ ನಲವತ್ತು ನೇಕಾರರು ಮಗ್ಗದಡಿಯ ಗುಣಿಯೊಳಗಿಂದ ಮೇಲೆದ್ದರು.

"ಎಡಗೈಲಿ ಎಸೆಯಾಕೆ ಬರಾಕಿಲ್ಲ ಅಂತಿದ್ಯಲ್ಲ ಮೇಸ್ತ್ರಿ, ಈಗ ಹಣೆ ಮುಟ್ಕಂಡು ನೋಡ್ಕ" ಎಂದಳು ಶೆಡ್ಡಿಗೆ ಎಳೆ ಸೇರಿಸಲು ಬರುತ್ತಿದ್ದ ಮೂಗಮ್ಮ. ಹೆಸರಿಗೆ ಮೂಗಮ್ಮ, ಬಾಯಿ ಊರಗಲ. ಶೆಡ್ಡಿಗೆ ಶೆಡ್ಡೇ ನಕ್ಕಿತು. ತಾನು ಮಾಡಿದ ಕೆಟ್ಟ ಕೆಲಸಕ್ಕೆ ಜನ ನಕ್ಕು ಬೆನ್ನು ತಟ್ಟಿದ್ದು ಜೋಗಿಯ ಜನ್ಮದಲ್ಲಿ ಅದೇ ಮೊದಲು.

ಅಂದೇ ಎಲ್ಲರೂ ಬೆಟ್ಟದ ದೇವರು ಜಟಿಂಗಪ್ಪನ ಆಣೆ ಇಟ್ಟು ತಮ್ಮ ತಮ್ಮ ಲಾಳಿ ತಂದು ಮೂಗಮ್ಮನ ಮನೆಯ ಬುಟ್ಟಿಗೆ ಹಾಕಿದರು. ಸಾಹುಕಾರ ತಾನೇ ಬಂದು, ಎಲ್ಲರೆದುರು, ದೊಡ್ಡಪಾಲಯ್ಯನ ಹೆಗಲಿಗೆ ಹಾಕಿದ ಸೀರೆಯನ್ನು ಕೈಯಾರೆ ಹಿಂದಕ್ಕೆ ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ಯಾರೂ ನೇಯುವುದಿಲ್ಲ, ಯಾರೂ ಹೊಸ ಹಾಸು ಕೆಚ್ಚುವುದಿಲ್ಲ. ಬುಟ್ಟಿ ಕಾಯುವ ಕೆಲಸ ಜೋಗಿಗೆ ಬಂತು. ಅವಳು ಮೂಗಮ್ಮನ ಮನೆಯಲ್ಲೇ ಉಳಿದಳು. ಮೂಗಮ್ಮನನ್ನು ದೊಡ್ಡವ್ವ ಎಂದು ಕರೆಯತೊಡಗಿದಳು.

ಮೂಗಮ್ಮನ ಕಸುಬು ಕೆಚ್ಚುವುದೇ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಹಾಸು ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಸೇರಿಸಿ, ಬೂದಿ ಹಚ್ಚಿದ ಬೆರಳಲ್ಲಿ ಹುರಿ ಕೊಡಬೇಕು. ಸಾವಿರಾರು ಎಳೆ. ಒಂದು ಜಾರಿದರೆ ಸೀರೆಯುದ್ದಕ್ಕೂ ಗೆರೆ. ಮಗ್ಗ ನಿಂತು ಕೈ ಖಾಲಿಯಾಗಿದ್ದ ಆ ದಿನಗಳಲ್ಲಿ ಮೂಗಮ್ಮ ಚಿಂದಿ ರೇಷ್ಮೆ ಹರಡಿಕೊಂಡು ಜೋಗಿಗೆ ಕಲಿಸಿದಳು. ಎಲ್ಲರೂ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವ ಕೆಲಸವನ್ನು ಅವಳು ಎದುರಿಗೆ ಕೂತು ಕಲಿಸಿದಳು.

"ಕನ್ನಡಿ ನೋಡ್ದಂಗೆ ನನ್ನ ನೋಡು. ನನ್ನ ಬಲಗೈ ನಿನಗೆ ಎಡಗೈ. ದೇವ್ರು ಕೊಟ್ಟ ಕೈನ ಯಾಕೆ ಕಟ್ಟಾಕ್ಬೇಕು?"

ತಿಂಗಳು ಕಳೆಯುವುದರೊಳಗೆ ಜೋಗಿಯ ಬೆರಳು ತಡೆಯಿಲ್ಲದೆ ಓಡತೊಡಗಿತು. "ಎಲ್ಲಾರೂ ಕೆಲ್ಸ ಬಿಟ್ಟಾಗ ಕೆಲ್ಸ ಕಲ್ತೋಳು ಈಕೆ ಒಬ್ಬಳೆಯಾ" ಎಂದು ಮೂಗಮ್ಮ ಊರಿಗೆಲ್ಲ ಹೇಳಿಕೊಂಡು ಬಂದಳು. ಮಧ್ಯಾಹ್ನ ಬೇವಿನ ಮರದಡಿ ನಲವತ್ತು ಮನೆಗೂ ಸೇರಿ ಅಂಬಲಿ ಕಾಯಿಸುತ್ತಿದ್ದರು. ಸೌಟು ಜೋಗಿಯ ಕೈಯಲ್ಲಿ. ಉಣ್ಣುವವರು ಅವಳನ್ನು ಹೆಸರು ಹಿಡಿದು ಕರೆದು ಪಾತ್ರೆ ಚಾಚುವರು. ಅದು ಅವಳಿಗೆ ಹಬ್ಬವಾಗಿತ್ತು.

ಹಾಳಾದದ್ದು ಹಿಟ್ಟಿನಿಂದ. ಒಂದು ಬೆಳಿಗ್ಗೆ ಅಂಬಲಿಗಿಟ್ಟ ರಾಗಿಹಿಟ್ಟಿನ ಡಬ್ಬ ಅರ್ಧಕ್ಕೆ ಇಳಿದಿತ್ತು. ಮೂಗಮ್ಮ ಯೋಚನೆ ಮಾಡಲಿಲ್ಲ, ಎಲ್ಲರೆದುರು ಕೇಳಿಬಿಟ್ಟಳು. "ಲೇ ಜೋಗಿ, ನೀನೇನಾರ ತಗಂಡ್ಯಾ?"

ಅವಳು ತೆಗೆದುಕೊಂಡಿರಲಿಲ್ಲ. ಸೂರಪ್ಪ ಎಂಬ ಹುಡುಗು ನೇಕಾರ ಪಕ್ಕದಿಂದ "ಚಳ್ಳಕೆರೆ ಬಸ್ ಸ್ಟ್ಯಾಂಡ್ ಕೈ ಅಲ್ವಾ" ಎಂದು ನಕ್ಕ. ಹಿಟ್ಟು ದೊಡ್ಡೀರಪ್ಪನ ಮನೆಯ ಬಾಣಂತಿಗೆ ಹೋಗಿತ್ತೆಂದು ಸಂಜೆಯೊಳಗೆ ಗೊತ್ತಾಯಿತು. ಮೂಗಮ್ಮ ತಪ್ಪಾಯ್ತು ಅನ್ನಲಿಲ್ಲ. ಜೋಗಿಯ ತಟ್ಟೆಗೆ ಒಂದು ರೊಟ್ಟಿ ಹೆಚ್ಚು ಹಾಕಿದಳು, ಅಷ್ಟೆ.

ಮರುದಿನ ಸಾಹುಕಾರನ ಹೆಂಡತಿ ಗೀತಮ್ಮ ಹಿತ್ತಲ ಬಾಗಿಲಿನಿಂದ ಅವಳನ್ನು ಕರೆದಳು. ಅನ್ನ ಹಾಕಿದಳು, ಸಾರಿನ ಮೇಲೆ ತುಪ್ಪ ಬಿಟ್ಟಳು.

"ಊರಲ್ಲೆಲ್ಲ ನಿನ್ನ ಕೈಯಂಥ ಕೈ ಇಲ್ವಂತೆ. ಒಂದೇ ಒಂದು ಹಾಸು ಕೆಚ್ಚಿಕೊಡು ತಾಯಿ. ಆ ಜನ ನಿನ್ನ ಕಳ್ಳಿ ಅಂದ್ರಂತಲ್ಲ, ನಾವು ಯಾವತ್ತಾದ್ರೂ ಅಂದಿದೀವಾ?"

ಜೋಗಿ ಮೂಗಮ್ಮನ ಬಳಿ, "ತಳಕಿಗೆ ಹೋಗಿ ಬರ್ತೀನಿ ದೊಡ್ಡವ್ವ, ನಮ್ಮವ್ವನ ಕಡೆಯೋರು ಅದಾರೆ" ಎಂದಳು. ಮೂಗಮ್ಮ ಮೂರು ದಿನಕ್ಕಾಗುವಷ್ಟು ರೊಟ್ಟಿ, ಹುರಿದ ಶೇಂಗಾ ಚಟ್ನಿ ಗಂಟು ಕಟ್ಟಿಕೊಟ್ಟಳು. "ಯಾರಾರ ಏನಾರ ಅಂದ್ರೆ ಸುಮ್ನೆ ಎದ್ದು ಬಂದ್ಬಿಡು. ಮನೆ ಐತೆ" ಎಂದಳು. ಆ ರೊಟ್ಟಿಯನ್ನು ಜೋಗಿ ತಿಂದದ್ದು ಸಾಹುಕಾರನ ಹಿಂದಿನ ಕೋಣೆಯಲ್ಲಿ. ಮೊದಲ ದಿನ ಸಿಟ್ಟು ಅವಳ ಬೆರಳು ನಡೆಸಿತು. ಎರಡನೆಯ ದಿನ ಸಿಟ್ಟು ಇಳಿದಿತ್ತು, ಬೆರಳು ನಿಲ್ಲಲಿಲ್ಲ. ಮೂರನೆಯ ದಿನ ಹೊರಡುವಾಗ ಗೀತಮ್ಮ ಕಾಣಿಸಲೇ ಇಲ್ಲ. ಕೆಲಸದವಳು ಹಿತ್ತಲ ಅಗುಳಿ ತೆಗೆದು ದಾರಿ ತೋರಿಸಿದಳು.

ಎರಡು ದಿನದ ಮೇಲೆ, ಬೆಳಗಿನ ಹೊತ್ತು, ಶೆಡ್ಡಿನೊಳಗಿಂದ ಮಗ್ಗದ ಸದ್ದು ಬಂತು. ಒಂದೇ ಮಗ್ಗ. ಬೀದಿಯಲ್ಲಿ ನೀರು ಹೊರುತ್ತಿದ್ದವರು ಕೊಡ ಇಳಿಸಿ ನಿಂತರು. ಸಾಹುಕಾರ ರಾಯದುರ್ಗದಿಂದ ನೇಕಾರನೊಬ್ಬನನ್ನು ಕರೆಸಿದ್ದಾನೆಂದು ಸುದ್ದಿ ಹಬ್ಬಿತು. ನೇಯುವವನು ಹೊರಗಿನವನು ಸರಿ. ಹಾಸು ಕೆಚ್ಚಿದವರು ಯಾರು?

ಊರಲ್ಲಿ ಆ ಕೆಲಸ ಬಲ್ಲವರು ಐದಾರು ಮಂದಿ. ಜೋಗಿ ತಳಕಿಗೆ ಹೋಗಿದ್ದಳೆಂದು ಎಲ್ಲರೂ ನಂಬಿದ್ದರು. ಅವರಲ್ಲಿ ಚಮನ್ ಬೀ ಹತ್ತು ವರ್ಷ ಸಾಹುಕಾರನ ಮನೆಗೇ ಕೆಚ್ಚಿಕೊಟ್ಟವಳು. ಗಂಡ ರಸೂಲ್ ಸಾಬ್ ಚಳ್ಳಕೆರೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್, ವಾರಕ್ಕೊಮ್ಮೆ ಬರುವವನು. ಹಿಂದಿನ ವಾರ ಅವಳು ಸಾಹುಕಾರನ ಹಿತ್ತಲ ಕಡೆ ಮೇಕೆ ಹುಡುಕಿಕೊಂಡು ಹೋದದ್ದನ್ನು ಯಾರೋ ನೋಡಿದ್ದರು.

"ಖುದಾನ ಆಣೆಗೂ ನಾನಲ್ಲ ಕಣ್ರಿ. ಮೇಕೆ ತಪ್ಪಿಸ್ಕಂಡಿತ್ತು" ಎಂದಳು ಚಮನ್ ಬೀ.

"ಮೇಕೆ ಹಾಸು ಕೆಚ್ಚಿತೇನು?" ಎಂದ ಸೂರಪ್ಪ. "ನಡಿಯಮ್ಮ ಮನೆಗೆ. ಇವತ್ತಿಂದ ಅಂಬಲಿ ಕಡೆ ಬರ್ಬ್ಯಾಡ."

ಜೋಗಿ ಅಲ್ಲೇ, ಒಲೆಗೆ ಸೌದೆ ಮುಂದೂಡುತ್ತ ಕೂತಿದ್ದಳು. ಬಾಯಿ ತೆರೆದರೆ ಸಾಕಿತ್ತು. ಹೇಳಿದರೆ ಸೌಟು ಹೋಗುತ್ತದೆ, ಬುಟ್ಟಿ ಹೋಗುತ್ತದೆ, ದೊಡ್ಡವ್ವ ಹೋಗುತ್ತಾಳೆ. ಮತ್ತೆ ಬಸ್ ಸ್ಟ್ಯಾಂಡು.

ಮಧ್ಯಾಹ್ನ ಸಾಲಿನಲ್ಲಿ ಚಮನ್ ಬೀಯ ಮಗಳು ಸಾನಿಯಾ ಬಂದು ನಿಂತಳು. ಆರು ವರ್ಷದ ಮಗು, ಕೈಯಲ್ಲಿ ಅಲ್ಯೂಮಿನಿಯಂ ತಂಬಿಗೆ. ದಿನದಂತೆ ಜೋಗಿಯ ಮುಖ ನೋಡಿ ನಕ್ಕು ತಂಬಿಗೆ ಚಾಚಿದಳು.

"ಹಾಕ್ಬ್ಯಾಡ" ಎಂದ ಸೂರಪ್ಪ.

ಜೋಗಿ ಹಾಕಲಿಲ್ಲ. ತುಂಬಿದ ಸೌಟನ್ನು ಹಿಂದಕ್ಕೆ ಹಂಡೆಗೆ ಬಗ್ಗಿಸಿದಳು. ಮಗು, ಗುರುತು ಸಿಗದವಳಿಗೆ ಹೇಳುವಂತೆ ಮೆಲ್ಲಗೆ, "ಜೋಗಿ ಅಕ್ಕಾ, ನಾನು ಕಣೆ" ಎಂದಿತು. ಆಮೇಲೆ ಖಾಲಿ ತಂಬಿಗೆ ತೊಡೆಗೆ ಬಡಿದುಕೊಳ್ಳುತ್ತ ಹೋಯಿತು. ಮಾಡದ ತಪ್ಪಿಗೆ ಎಲ್ಲರೆದುರು ಸಿಕ್ಕಿಬೀಳುವುದು ಏನೆಂದು ಜೋಗಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರಿದ್ದರು? ತಾನೇ ಅದನ್ನು ಒಂದು ಮಗುವಿನ ಕೈಗೆ ಕೊಟ್ಟು ಕಳಿಸಿದಳು.

ಮೂಗಮ್ಮನಿಗೆ ಸುಮ್ಮನಿರಲಾಗಲಿಲ್ಲ. "ಕಣ್ಣಿಂದ ನೋಡ್ದೆ ಯಾರಿಗೂ ಅನ್ಬಾರ್ದು. ನಾನು ಮುಟ್ಟಿ ಹೇಳ್ತೀನಿ" ಎಂದು ಎದ್ದಳು. ಕೆಚ್ಚಿದ ಎಳೆ ಮುಟ್ಟಿ ಇದು ಇಂಥವರ ಕೈ ಎಂದು ಹೇಳಬಲ್ಲವಳೆಂದು ಅವಳಿಗೆ ಹೆಸರಿತ್ತು. ಶೆಡ್ಡಿನ ಬಾಗಿಲಲ್ಲಿ ಮೇಸ್ತ್ರಿ ಅವಳನ್ನು ತಡೆಯುವ ಧೈರ್ಯ ಮಾಡಲಿಲ್ಲ. ಹಿಂದೆ ಜನ, ಜನದೊಳಗೆ ಜೋಗಿ.

ರಾಯದುರ್ಗದವನು ಪಾಪದ ಮನುಷ್ಯ. ಮೂಗಮ್ಮನನ್ನು ನೋಡಿದ್ದೇ ಲಾಳಿ ಬಿಟ್ಟು ಎದ್ದು, "ರಾ ಅಕ್ಕಾ, ಚೂಡು" ಎಂದು ತೆಲುಗಿನಲ್ಲೇ ನೋಡಲು ಕರೆದು ಪಕ್ಕಕ್ಕೆ ಸರಿದ. ಸೀರೆಯ ನೇಯ್ಗೆ ಆಗಷ್ಟೇ ಶುರುವಾಗಿತ್ತು. ಕೆಚ್ಚಿದ ಸಾಲು ಇನ್ನೂ ಕಣ್ಣಿಗೆ ಕಾಣುವಂತಿತ್ತು. ಮೂಗಮ್ಮ ಬಗ್ಗಿ ಒಂದು ಎಳೆಯನ್ನು ಹೆಬ್ಬೆರಳಲ್ಲಿ ಒರೆಸಿದಳು. ಇನ್ನೊಂದನ್ನು. ಮತ್ತೊಂದನ್ನು. ಆಮೇಲೆ ಕೈ ನಿಂತಿತು.

ಎಲ್ಲರ ಹುರಿ ಒಂದು ಕಡೆಗೆ ತಿರುಗಿದರೆ ಇದು ಇನ್ನೊಂದು ಕಡೆಗೆ ತಿರುಗಿತ್ತು. ಇಡೀ ಮೊಳಕಾಲ್ಮೂರಿನಲ್ಲಿ ಹಾಗೆ ಹುರಿ ಕೊಡುವ ಕೈ ಒಂದೇ. ಅದನ್ನು ಎದುರಿಗೆ ಕೂತು ಕಲಿಸಿದವಳು ತಾನೇ.

ಮೂಗಮ್ಮ ತಲೆ ಎತ್ತಲಿಲ್ಲ. ಜೋಗಿಯ ಕಡೆ ನೋಡಲೂ ಇಲ್ಲ. ಮಗ್ಗದ ಕಂಬ ಹಿಡಿದು ನಿಧಾನಕ್ಕೆ ನೆಟ್ಟಗಾಗಿ ಹೊರಗೆ ಬಂದಳು.

"ಚಮನ್ ಬೀ ಕೈ ಅಲ್ಲ ಇದು."

"ಮತ್ತೆ ಯಾರ್ದು ಮೂಗಕ್ಕ?" ಎಂದ ಸೂರಪ್ಪ.

"ಗೊತ್ತಾಗ್ಲಿಲ್ಲ. ಬೆರಳಿಗೆ ವಯಸ್ಸಾತು."

ಮೂಗಮ್ಮನಿಗೆ ಗೊತ್ತಾಗಲಿಲ್ಲವಂತೆ. ಮುಖ ನೋಡಿದರೇ ತಿಳಿಯುತ್ತಿತ್ತು, ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖ.

"ಗೊತ್ತಾಗಿಲ್ವೋ, ನಿನ್ನ ಕೈಯೇನೋ?" ಎಂದ ಸೂರಪ್ಪ. "ನಿನ್ನ ನಂಬಿ ಲಾಳಿ ಇಟ್ವಲ್ಲ, ಅದನ್ನ ಕೊಡು. ನಿಮ್ಮನೇಲಿ ಇರದು ಬ್ಯಾಡ."

"ತಗಂಡು ಹೋಗು" ಎಂದಳು ಮೂಗಮ್ಮ. ಊರಗಲದ ಬಾಯಿ ಅಷ್ಟಕ್ಕೆ ಮುಚ್ಚಿತು.

ಅವಳು ಜಗಳ ಮಾಡಿದ್ದರೆ, ಜೋಗಿಯ ಕೆನ್ನೆಗೆ ಎರಡು ಬಿಗಿದಿದ್ದರೆ, ಜೋಗಿ ತಡೆದುಕೊಳ್ಳುತ್ತಿದ್ದಳು. ಹೊಡೆತ ಅವಳಿಗೆ ಹೊಸದಲ್ಲ. ಇದು ಹೊಸದು. ಮೂಗಮ್ಮ ಜನರ ನಡುವೆ ದಾರಿ ಮಾಡಿಕೊಂಡು ಹೋಗುವಾಗ ಹೆಂಗಸರು ಸೆರಗು ತಾಕದಂತೆ ಹಿಂದಕ್ಕೆ ಸರಿದರು. ಆ ಸರಿದ ಜಾಗ ಕಂಡದ್ದೇ ಜೋಗಿ ಬಾಯಿ ತೆರೆದಳು.

"ನಂದು ಅದು" ಎಂದಳು. ಯಾರಿಗೂ ಕೇಳಲಿಲ್ಲ. ಮತ್ತೊಮ್ಮೆ ಹೇಳಿದಳು. "ಕೆಚ್ಚಿದ್ದು ನಾನು. ತಳಕಿಗೆ ಹೋಗಿರ್ಲಿಲ್ಲ. ಸಾಹುಕಾರ್ರ ಹಿಂದ್ಲ ಕೋಣೆಲಿದ್ದೆ. ದೊಡ್ಡವ್ವಂಗೆ ಗೊತ್ತಿರ್ಲಿಲ್ಲ."

ಸೂರಪ್ಪ ಬಂದವನೇ ಅವಳ ರಟ್ಟೆ ಹಿಡಿದ. "ನಡಿ, ಬೇವಿನ ಮರದ ಕಟ್ಟೆ ಮ್ಯಾಲೆ ನಿಲ್ಲು. ಸಂಜೆತನ ನಿಲ್ಲು. ಊರು ನೋಡ್ಲಿ ನಿನ್ನ ಮುಖ."

ಜೋಗಿ ಕೈ ಬಿಡಿಸಿಕೊಳ್ಳಲಿಲ್ಲ, ಕಚ್ಚಲಿಲ್ಲ. ಕಟ್ಟೆಯ ಕಡೆಗೆ ಹೊರಟೇಬಿಟ್ಟಳು. ಅವಳನ್ನು ನಿಲ್ಲಿಸಿದ್ದು ದೊಡ್ಡಪಾಲಯ್ಯ. ಮುದುಕ ಗುಂಪಿನ ಹಿಂದಿನಿಂದ ಬಂದು ಸೂರಪ್ಪನ ಮಣಿಕಟ್ಟು ಮುಟ್ಟಿದ.

"ಬಿಡು ಸೂರ. ಹಂಗೆ ನಿಲ್ಸಿದ್ದಕ್ಕೆ ಅಲ್ವೇನ್ಲಾ ನಾವು ಮಗ್ಗ ಬಿಟ್ಟಿದ್ದು?"

"ತಾತ, ಈಕೆ ಮಾಡಿದ್ದು ತಪ್ಪಲ್ವಾ?"

"ತಪ್ಪೇ. ನನ್ನ ಸೀರೇಲೂ ತಪ್ಪಿತ್ತು."

ಸೂರಪ್ಪ ಕೈ ಬಿಟ್ಟ. ಹಲ್ಲು ಕಚ್ಚಿಕೊಂಡೇ ಬಿಟ್ಟ. ಜನ ಒಬ್ಬೊಬ್ಬರಾಗಿ ಚದುರಿದರು. ಲಾಳಿಯ ಬುಟ್ಟಿ ಮೂಗಮ್ಮನ ಮನೆಯಲ್ಲೇ ಉಳಿಯಿತು. ಒಳಗೆ ರಾಯದುರ್ಗದವನು ಎಲ್ಲ ಕೇಳಿಸಿಕೊಂಡಿದ್ದನೋ ಏನೋ, ಮಗ್ಗ ಮತ್ತೆ ಸದ್ದು ಮಾಡಲಿಲ್ಲ.

ಜೋಗಿ ಬೇವಿನ ಮರದಡಿಗೆ ಹೋದಳು. ಹಂಡೆಯ ತಳದಲ್ಲಿ ಅಂಬಲಿ ತಣ್ಣಗಾಗಿತ್ತು. ಉಳಿದದ್ದನ್ನೆಲ್ಲ ಒಂದು ಪಾತ್ರೆಗೆ ಬಳಿದು, ಬಿಸಿ ಮಾಡಿ, ಸೆರಗಲ್ಲಿ ಹಿಡಿದು ಚಮನ್ ಬೀಯ ಓಣಿಗೆ ನಡೆದಳು. ಬಾಗಿಲು ಮುಚ್ಚಿತ್ತು. ತಟ್ಟಲು ಅವಳಿಗೆ ಬಹಳ ಹೊತ್ತು ಬೇಕಾಯಿತು.

ಬಾಗಿಲು ತೆರೆದ ಚಮನ್ ಬೀಗೆ ಸುದ್ದಿ ಮುಂಚೆಯೇ ಮುಟ್ಟಿತ್ತು. ಕಣ್ಣು ಊದಿತ್ತು.

"ಚಮನಕ್ಕ, ನಾನು..."

"ಗೊತ್ತಾತು."

"ನೀನು ಬೈಯಿ ನನ್ನ."

"ಬೈದ್ರೆ ನಿನಗೆ ಹಗುರ ಆಗ್ತೈತೆ. ನಾನ್ಯಾಕೆ ಬೈಲಿ? ಮಾಫೂ ಮಾಡಾಕಿಲ್ಲ." ಚಮನ್ ಬೀ ಪಾತ್ರೆ ಇಸಿದುಕೊಂಡಳು. "ಒಳಗೆ ಬಾ. ಮಗು ಉಣ್ಣೋಗಂಟ ಕೂತ್ಕ. ನೋಡು."

ಜೋಗಿ ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕೂತಳು. ಸಾನಿಯಾ ತಟ್ಟೆ ಎಳೆದುಕೊಂಡು ಅವಳ ಕಡೆ ಬೆನ್ನು ತಿರುಗಿಸಿ ಉಣ್ಣತೊಡಗಿದಳು. ಪ್ರತಿ ಗುಟುಕಿನ ಸದ್ದೂ ಕೇಳುತ್ತಿತ್ತು. ಜೋಗಿಗೆ ನೋಡಲಾಗಲಿಲ್ಲ, ನೋಡು ಎಂದಿದ್ದರಿಂದ ನೋಡಿದಳು.

ಅಷ್ಟರಲ್ಲಿ ಓಣಿಯ ತುದಿಯಿಂದ ಮೂಗಮ್ಮನ ದನಿ ಬಂತು, ಒಡೆದಂತೆ, ಸಿಟ್ಟಿನಿಂದ. "ಲೇ ಜೋಗಿ, ಹಂಡೆ ಯಾರು ತೊಳೀತಾರೆ? ನಿಮ್ಮವ್ವ ಬರ್ತಾಳಾ ಮ್ಯಾಲಿಂದ?"

"ಬಂದೆ" ಎಂದಳು ಜೋಗಿ. ದನಿ ಓಣಿ ದಾಟಿರಲಾರದು. ಆದರೂ ಮಗು ತಟ್ಟೆ ನೆಕ್ಕಿ ಮುಗಿಸುವವರೆಗೆ ಅವಳು ಏಳಲಿಲ್ಲ.